ಹೊಸ ಶಮ್ಶೇರಿನ ಸದ್ದು

ಬೈಲಹೊಂಗಲ
ಬುಧವಾರ, 10 ಡಿಸೆಂಬರ್ 2025

ಐದು ತಿಂಗಳಿಂದ ನನ್ನ ಜೊತೆ ಮಾತು ಬಿಟ್ಟಿರುವ ಗೆಳೆಯ ರಘೋತ್ತಮನಿಗೆ, ಗುರ್ಯಾನ ನಮಸ್ಕಾರ.

ಮೊದಲು ಮುಖ್ಯವಾದದ್ದು ಹೇಳಿಬಿಡುತ್ತೇನೆ. ಬರುವ ರವಿವಾರ ನಿನ್ನ ಹೊಸ ಶಮ್ಶೇರ್ ಮೋಟರ್ ಸೈಕಲ್ ನೋಡಲು ಬರುತ್ತೇವೆ ಅಂದವರಿಗೆ ಬರಬೇಡಿ ಅಂತ ಹೇಳು. ಉಳಿದದ್ದನ್ನು ಸಾವಕಾಶವಾಗಿ ಓದು. ಓದಿದ ಮೇಲೂ ಮಾರಬೇಕು ಅನಿಸಿದರೆ ಮಾರು, ನಾನು ಅಡ್ಡ ಬರುವುದಿಲ್ಲ.

ಫೋನ್ ಮಾಡಬಹುದಿತ್ತು. ಮಾಡಿದರೆ ನೀನು ಎತ್ತುವುದಿಲ್ಲ. ಎತ್ತಿದರೂ ಎರಡನೇ ಮಾತಿಗೆ ನಾನೇ ಜಗಳ ತೆಗೆಯುತ್ತೇನೆ, ನನ್ನ ಬಾಯಿ ನಿನಗೆ ಗೊತ್ತಲ್ಲ. ಪೋಸ್ಟಿಗೆ ಹಾಕಿದರೆ ರವಿವಾರದೊಳಗೆ ರಾಮದುರ್ಗ ಮುಟ್ಟುತ್ತದೋ ಇಲ್ಲವೋ. ಅದಕ್ಕೇ ನಿಮ್ಮೂರ ಬಸ್ಸಿನ ಕಂಡಕ್ಟರ್ ಶಟ್ಟೆಪ್ಪನ ಕೈಯಲ್ಲಿ ಕೊಟ್ಟು ಕಳಿಸುತ್ತಿದ್ದೇನೆ. ರಿಟೈರ್ ಆಗಿದ್ದರೂ ನೀನು ಮಾಸ್ತರನೇ, ತಪ್ಪು ಕಂಡಲ್ಲಿ ಕೆಂಪು ಗೀಟು ಎಳೆದುಕೊಂಡು ಓದು.

ನಿನ್ನೆ ಮಧ್ಯಾಹ್ನ ಗ್ಯಾರೇಜಿನಲ್ಲಿ ಉಣ್ಣುತ್ತಾ ಫೋನು ನೋಡಿದೆ. ನಮ್ಮ ಶಮ್ಶೇರ್ ಬಳಗದ ಗ್ರೂಪಿನಲ್ಲಿ ನಿನ್ನ ಗಾಡಿಯ ಫೋಟೋ ಇತ್ತು. "ಮಾರುವುದಿದೆ. ಓಡಿದ್ದು ಎಂಟುನೂರು ಕಿಲೋಮೀಟರ್ ಮಾತ್ರ. ರವಿವಾರ ಮುಧೋಳದವರು ನೋಡಲು ಬರುವವರಿದ್ದಾರೆ" ಅಂತ ಬರೆದಿದ್ದೆ. ಆ ಎಂಟುನೂರನ್ನು ಓದಿ ರೊಟ್ಟಿ ಮುಂದೆ ಹೋಗಲಿಲ್ಲ. ಹದಿನೈದು ದಿನಕ್ಕೆ ಅಷ್ಟು ಓಡಿಸುವ ಮನುಷ್ಯ ನೀನು. ಅದರಲ್ಲೂ ನೂರಾ ನಲವತ್ತು ನನ್ನ ಗ್ಯಾರೇಜಿಗೆ ಬಂದು ಹೋದದ್ದು. ಅಂದರೆ ಆ ಗಾಡಿ ಐದು ತಿಂಗಳು ನಿನ್ನ ಮನೆ ಮುಂದೆ ಸುಮ್ಮನೆ ನಿಂತಿದೆ. ನಾನಾಡಿದ ಮಾತಿನಿಂದ ನಿಂತಿದೆ.

ಜುಲೈಯಲ್ಲಿ ನೀನು ಬಂದ ದಿನ ನಿನಗೆ ಮರೆತಿರುವುದಿಲ್ಲ. ಆದರೂ ನನ್ನ ಕಡೆಯಿಂದ ಅದು ಹೇಗಿತ್ತು ಅಂತ ಬರೆಯುತ್ತೇನೆ. ಮೂವತ್ತೈದು ವರ್ಷ ಹಳೆಯ ಶಮ್ಶೇರ್ ಓಡಿಸಿ ಬೆನ್ನು ಹಾಳು ಮಾಡಿಕೊಂಡು, ಕೊನೆಗೆ ನೀನು ಹೊಸ ಮಾಡೆಲ್ ತೆಗೆದುಕೊಂಡೆ. ಬಳಗದಲ್ಲೇ ಮೊದಲನೆಯದು. ಹ್ಯಾಂಡಲ್ಲಿಗೆ ಚೆಂಡುಹೂವಿನ ಮಾಲೆ ಹಾಕಿಕೊಂಡು, ನಿನ್ನ ಮನೆಯಾಕೆ ಲೀಲಾ ವೈನಿ ಕಟ್ಟಿಕೊಟ್ಟ ಅಂಟಿನುಂಡಿ ತಗೊಂಡು, ಮುನವಳ್ಳಿ ಮೇಲಿಂದ ಎಪ್ಪತ್ತು ಕಿಲೋಮೀಟರ್ ಬಂದೆ. "ಗುರ್ಯಾ, ನೀ ಕಿವಿ ಹಚ್ಚಿ ಪಾಸ್ ಮಾಡೂ ತನಕ ಇದು ನನ್ನ ಗಾಡಿ ಅಲ್ಲ" ಅಂದೆ. ನಾನು ಎಂದಿನಂತೆ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿನ ಮೇಲಿಟ್ಟು, ಹಿಡಿಯನ್ನು ಕಿವಿಗೆ ಒತ್ತಿಕೊಂಡೆ. ನೀನು ಬಟನ್ ಒತ್ತಿ ಸ್ಟಾರ್ಟ್ ಮಾಡಿದೆ.

ರಘ್ಯಾ, ಕೇಳಬೇಕಾದದ್ದು ಒಂದೂ ನನಗೆ ಕೇಳಲಿಲ್ಲ. ಟ್ಯಾಪೆಟ್ಟಿನ ಟಕಟಕ ಇಲ್ಲ, ಹೊಟ್ಟೆಯೊಳಗಿನ ಆ ಧಡಧಡ ಇಲ್ಲ. ಎಲ್ಲೋ ದೂರದಲ್ಲಿ ಗಾಳಿ ಬೀಸಿದ ಹಾಗೆ ಒಂದು ಸುಂಯ್ ಅನ್ನುವುದು ಅಷ್ಟೇ. ಕೈಗೆ ನೋಡಿದರೆ ಇಂಜಿನ್ ನಡೆಯುತ್ತಿದೆ, ಕಿವಿಗೆ ನೋಡಿದರೆ ಇಲ್ಲ. ನಾಲ್ಕು ಗಿರಾಕಿಗಳ ಮುಂದೆ "ಇದಕ್ಕ ಜೀವ ಇಲ್ಲ. ಒಯ್ದು ಮಾರಿಬಿಡು" ಅಂದೆ. ನೀನು ಪಾಪ, "ಇನ್ನೊಮ್ಮೆ ಕೇಳಿ ನೋಡೋ" ಅಂದೆ. ನಾನು ಸ್ಕ್ರೂಡ್ರೈವರ್ ಒಗೆದು ಒಳಗೆ ಹೋದೆ. ನೀನು ಮಾಲೆ ಕಿತ್ತು ಸ್ಟೂಲಿನ ಮೇಲಿಟ್ಟು ಹೋದದ್ದನ್ನು ಒಳಗಿನಿಂದ ನೋಡಿದೆ. ಹೊರಗೆ ಬಂದು ನಿನ್ನನ್ನು ಕರೆಯಲಿಲ್ಲ.

ಹೊಸ ಮಾಡೆಲ್ ಕಂಡರೆ ಗುರ್ಯಾನಿಗೆ ಆಗುವುದಿಲ್ಲ, ಗೆಳೆಯ ತಗೊಂಡದ್ದಕ್ಕೆ ಹೊಟ್ಟೆಕಿಚ್ಚು ಅಂತ ನೀನು ತಿಳಿದುಕೊಂಡೆ. ಬಳಗದವರು, ಮೇಸ್ತ್ರಿಯೇ ಜೀವ ಇಲ್ಲ ಅಂದ ಮೇಲೆ ಮುಗಿಯಿತು ಅಂದರು. ಖರೆ ಏನು ಗೊತ್ತೇನು? ನನ್ನ ಕಿವಿ ಹೋದವು ಅಂತ ನಾನು ತಿಳಿದಿದ್ದೆ.

ನನಗೆ ಕೆಲಸ ಕಲಿಸಿದ ಉಸ್ತಾದ್ ಮಹಾಂತಪ್ಪನನ್ನು ನೀನು ನೋಡಿದ್ದೀಯ. ಐವತ್ತೆಂಟಕ್ಕೆ ಅವನ ಕಿವಿ ಮಂದವಾದವು. ಹೇಳಿಕೊಳ್ಳಲಿಲ್ಲ. ಬೇರಿಂಗ್ ಹೋಗಿ ಒದರುತ್ತಿದ್ದ ಗಾಡಿಯನ್ನು ಚೊಲೋ ಇದೆ ಅಂತ ಕಳಿಸಿದ, ಅದು ಯರಗಟ್ಟಿ ದಾಟುವುದರೊಳಗೆ ಜಾಮ್ ಆಗಿ ಓಡಿಸುವವನ ಕಾಲು ಮುರಿಯಿತು. ಅಲ್ಲಿಂದ ಅವನ ಗ್ಯಾರೇಜಿಗೆ ಯಾರೂ ಬರಲಿಲ್ಲ. ನನಗೆ ಈಗ ಐವತ್ತೇಳು. ಓದಿದವನಲ್ಲ, ಕಂಪ್ಯೂಟರ್ ಬರುವುದಿಲ್ಲ, ಇರುವುದೆಲ್ಲ ಈ ಕಿವಿ. ಅವೂ ಹೋದರೆ ನಾನು ಯಾರು ಹೇಳು.

ಜನರ ಮಾತು ಕೇಳುತ್ತಿತ್ತು, ಹಳೆಯ ಗಾಡಿಗಳ ಸದ್ದೂ ಕೇಳುತ್ತಿತ್ತು. ಆದರೆ ನಲವತ್ತು ವರ್ಷದ ರೂಢಿ, ಕಿವಿಯಿಂದ ಕೇಳುತ್ತೇನೋ ನೆನಪಿನಿಂದ ಕೇಳುತ್ತೇನೋ ಅಂತ ಅನುಮಾನ ಹತ್ತಿತು. ದೊಡ್ಡ ಕೆಲಸ ಬಂದರೆ ಬೇರೆಯವರ ಕಡೆ ಕಳಿಸಿದೆ. ಮನೆಯಲ್ಲಿ ಕೂತು ಪರೀಕ್ಷೆ ಮಾಡಿಕೊಂಡೆ. ಪಕ್ಕದ ಮನೆಯ ನಲ್ಲಿ ಕೇಳುತ್ತದೋ, ಅಂಗಳದಿಂದ ಅಡುಗೆಮನೆಯ ಕುಕ್ಕರ್ ಸೀಟಿ ಎಷ್ಟು ಕೇಳಿದವು ಅಂತ. ಕಡೆಗೆ ನನ್ನನ್ನು ಕಟ್ಟಿಕೊಂಡ ಕೆಂಪವ್ವ ರೋಸಿದಳು. "ಸೀಟಿ ಎಣಿಸೂದು ನನ್ನ ಕೆಲಸರಿ, ನಿಮ್ಮದಲ್ಲ. ರವಿವಾರ ಕಿತ್ತೂರಾಗ ನಿಮ್ಮ ಗಾಡಿ ಮಂದಿ ಕೂಡತಾರಂತ, ಹೋಗಿ ಬರ್ರಿ. ನನ್ನ ತಲಿ ತಿನಬ್ಯಾಡ್ರಿ" ಅಂತ ಹೊರಗೆ ಹಾಕಿದಳು. ಹಾಗೆ ನಾನು ಮೊನ್ನೆ ರವಿವಾರ ಕಿತ್ತೂರಿಗೆ ಹೋದದ್ದು.

ಹೈವೇ ಬದಿಯ ನಮ್ಮ ಮಾಮೂಲಿ ಹೋಟೆಲ್ಲಿನಲ್ಲಿ ಇಪ್ಪತ್ತು ಗಾಡಿ ಸೇರಿದ್ದವು, ಅದರಲ್ಲಿ ಆರು ಹೊಸವು. ಎಲ್ಲರ ಮುಖ ಸಪ್ಪಗಿತ್ತು. ಗೊಬ್ಬರದ ಅಂಗಡಿಯ ಕಾಡಪ್ಪ, ಮುನವಳ್ಳಿಯವನು, ನನ್ನ ಪಕ್ಕದಲ್ಲಿ ಮಿರ್ಚಿ ತಿನ್ನುತ್ತಾ ಕಂಪನಿಯವರನ್ನು ಬೈಯುತ್ತಿದ್ದ. "ಹೊಸಾದು ತಗೊಂಡು ಎರಡು ತಿಂಗಳಾತು. ಬಗ್ಗಿ ಕಿವಿ ಹಚ್ಚಿದ್ರೂ ಏನೂ ಕೇಳಂಗಿಲ್ಲ" ಅಂದ.

"ಏನಂದಿ? ಇನ್ನೊಮ್ಮೆ ಹೇಳು" ಅಂದೆ. ನನಗೆ ಕೇಳಲಿಲ್ಲ ಅಂತ ತಿಳಿದು ಅವನು ಲಾರಿಯವರೆಲ್ಲ ತಿರುಗಿ ನೋಡುವ ಹಾಗೆ ಒದರಿದ. "ನಿನಗೂ ಕೇಳಂಗಿಲ್ಲೇನು?" ಅಂದೆ. "ಅದರಾಗ ದನಿ ಇದ್ದರಲ್ಲ ಮಾರಾಯಾ ಕೇಳೂದು. ಯಾರಿಗೂ ಕೇಳಂಗಿಲ್ಲ" ಅಂದ.

ಯಾರಿಗೂ ಕೇಳುವುದಿಲ್ಲ. ರಘ್ಯಾ, ನನ್ನ ಮೈಯಿಂದ ಒಂದು ಚೀಲ ಸಿಮೆಂಟ್ ಇಳಿಸಿದ ಹಾಗಾಯಿತು. ಒಬ್ಬೊಬ್ಬರನ್ನೂ ಹಿಡಿದು ಕೇಳಿದೆ. ಒಬ್ಬ, ಇದು ಗಾಡಿಯಲ್ಲ ಹೊಲಿಗೆ ಮಷಿನ್ ಅಂದ. ಇನ್ನೊಬ್ಬ, ನಮ್ಮ ಶಮ್ಶೇರ್ ಸತ್ತುಹೋಯಿತು ಅಂತ ಕಣ್ಣಲ್ಲಿ ನೀರು ತಂದ. ಅವರು ಅಳುತ್ತಾ ಹೋದಂತೆಲ್ಲ ನನಗೆ ನಗು ಬರಲಿಕ್ಕೆ ಹತ್ತಿತು. ಎಲ್ಲರಿಗೂ ಇನ್ನೊಂದು ಸುತ್ತು ಚಹಾ ಹೇಳಿದೆ, ನಾನು ಮೂರು ಪ್ಲೇಟ್ ಮಿರ್ಚಿ ತಿಂದೆ. ಕಂಪನಿಯವರು ಮೇಸ್ತ್ರಿಗೆ ಏನೋ ತಿನ್ನಿಸಿದ್ದಾರೆ ಅಂತ ಕಾಡಪ್ಪ ಎಲ್ಲರಿಗೂ ಹೇಳಿದನಂತೆ, ಹೇಳಲಿ ಬಿಡು.

ಸವದತ್ತಿಯ ನರ್ಸ್ ಸಂಘಮಿತ್ರಾ ಒಬ್ಬಳೇ ಹೊಸ ಮಾಡೆಲ್ಲಿನ ಪರವಾಗಿ ಇದ್ದವಳು. "ನಿಮಗೆಲ್ಲಾ ದನಿ ಹೋತು ಅಂತ ದುಃಖ. ಹಳೇ ಗಾಡಿ ಮ್ಯಾಲೆ ನಾ ಡ್ಯೂಟಿ ಮುಗಿಸಿ ಬಂದ್ರ ಓಣ್ಯಾಗಿನ ಕೂಸುಗೋಳೆಲ್ಲಾ ಎದ್ದು ಅಳತಿದ್ದುವು. ಈಗ ನಾಯಿ ಸೈತ ತಲಿ ಎತ್ತಂಗಿಲ್ರಿ ಮೇಸ್ತ್ರಿ" ಅಂದಳು. ಗಾಡಿಯ ಜೊತೆ ಬಂದ ಪುಸ್ತಕ ತೆಗೆದು ತೋರಿಸಿದಳು. ಇಂಜಿನ್ನಿನ ನಡುಕ ಮತ್ತು ಸದ್ದು ಕಡಿಮೆ ಮಾಡಿದ್ದೇವೆ ಅಂತ ಕಂಪನಿಯವರೇ ದಪ್ಪ ಅಕ್ಷರದಲ್ಲಿ ಹಾಕಿದ್ದಾರೆ. ಆ ಪುಸ್ತಕ ಅವತ್ತು ನಿನ್ನ ಕೈಯಲ್ಲೂ ಇತ್ತು. ನಾನು ತೆರೆದು ನೋಡಲಿಲ್ಲ.

ಆಮೇಲೆ ಅವಳ ಗಾಡಿಗೆ ಸ್ಕ್ರೂಡ್ರೈವರ್ ಹಚ್ಚಿ ಕೂತೆ. ಈ ಸಲ ಹಳೆಯ ಸದ್ದನ್ನು ಹುಡುಕಲಿಲ್ಲ. ಕಣ್ಣು ಮುಚ್ಚಿ, ಇದ್ದದ್ದನ್ನು ಕೇಳಿದೆ. ಇದೆ ರಘ್ಯಾ, ಎಲ್ಲಾ ಇದೆ. ಪಕ್ಕದ ಮನೆಯಲ್ಲಿ ಮಂದಿ ಮೆಲ್ಲಗೆ ಮಾತಾಡಿದ ಹಾಗೆ ಒಳಗೆ ಚೈನು, ಟ್ಯಾಪೆಟ್ಟು, ಬೇರಿಂಗು ಎಲ್ಲಾ ತಮ್ಮ ಪಾಡಿಗೆ ತಾವು ನಡೆದಿದ್ದವು.

ಓಡಿಸಿಯೂ ನೋಡಿದೆ. ಹಿಡಿಸಿತೇ ಅಂದರೆ, ಅರ್ಧ ಹಿಡಿಸಿತು. ಕಿಕ್ ಇಲ್ಲ, ಕಾಲಿಗೆ ಕೆಲಸವೇ ಇಲ್ಲ. ಮೀಟರ್ ನೋಡಿದರೆ ಮಕ್ಕಳ ಫೋನಿನ ಹಾಗಿದೆ. ಏನಾದರೂ ಕೆಟ್ಟರೆ ನಟ್ಟು ಬಿಚ್ಚುವ ನನ್ನ ಪಾನಾ ಕೇಳುವುದಿಲ್ಲ, ಲ್ಯಾಪ್‌ಟಾಪ್ ಕೇಳುತ್ತದಂತೆ. ಅದು ನನಗೆ ಹೊಟ್ಟೆ ಉರಿಯುವ ಸಂಗತಿಯೇ, ಸುಳ್ಳು ಯಾಕೆ ಹೇಳಲಿ. ಆದರೆ ನಿಂತಲ್ಲಿ ಎಣ್ಣೆಯ ಗುರುತು ಬಿಡದ ಶಮ್ಶೇರನ್ನು ಜನ್ಮದಲ್ಲಿ ಮೊದಲ ಸಲ ನೋಡಿದೆ. ಎಂಬತ್ತರಲ್ಲಿ ಹೋಗುವಾಗಲೂ ನಡುಗದ ಕನ್ನಡಿಯಲ್ಲಿ ಹಿಂದಿನ ಲಾರಿಯ ನಂಬರ್ ಓದಲು ಬಂತು. ಹಿಂದೆ ಕೂತಿದ್ದ ಸಂಘಮಿತ್ರಾ ಹೇಳಿದ್ದೆಲ್ಲ ಕೇಳಿತು. ಮೂವತ್ತೈದು ವರ್ಷ ನೀನು ನನ್ನ ಹಿಂದೆ ಕೂತು ಹೇಳಿದ್ದಕ್ಕೆಲ್ಲ ನಾನು ಹೂಂ ಅಂದಿದ್ದೇನಲ್ಲ, ಒಂದು ಮಾತೂ ನನಗೆ ಕೇಳಿರಲಿಲ್ಲ.

ಮರುದಿನ ಕಿವಿ ಡಾಕ್ಟರ ಹತ್ತಿರ ಹೋದೆ. ಅಂಜಿಕೆ ಇದ್ದಾಗ ಹೋಗಲಿಲ್ಲ, ಅಂಜಿಕೆ ಹೋದ ಮೇಲೆ ಹೋದೆ ನೋಡು, ಎಂಥ ಶಾಣ್ಯಾ ನಾನು. ಸಣ್ಣ ಖೋಲಿಯಲ್ಲಿ ಕೂರಿಸಿ, ಕಿವಿಗೆ ಏನೋ ಹಾಕಿ, ಸದ್ದು ಬಂದಾಗ ಬೆರಳು ಎತ್ತು ಅಂದರು. "ಮೇಸ್ತ್ರಿ ಕೆಲಸಕ್ಕ ಏನೂ ಅಡ್ಡಿಯಿಲ್ಲ, ಇನ್ನೂ ಇಪ್ಪತ್ತು ವರ್ಷ ಮಾಡ್ರಿ" ಅಂದರು. ಅಲ್ಲಿಂದ ಸೀದಾ ಗ್ಯಾರೇಜಿಗೆ ಬಂದು, ಬೇರೆಯವರ ಕಡೆ ಕಳಿಸಿದ್ದ ಎರಡು ಇಂಜಿನ್ ವಾಪಸು ತರಿಸಿಕೊಂಡೆ. ಐದು ತಿಂಗಳ ಮೇಲೆ ಅವತ್ತು ನಿದ್ದೆ ಚೆನ್ನಾಗಿ ಹತ್ತಿತು.

ಈಗ ನಿನ್ನ ವಿಷಯ. ನಿನ್ನ ಗಾಡಿಗೆ ಜೀವ ಇಲ್ಲ ಅಂದದ್ದು ನನ್ನ ಅಂಜಿಕೆ. ಗಾಡಿಯ ತಪ್ಪು ಒಂದು ಗುಂಜಿಯಷ್ಟೂ ಇರಲಿಲ್ಲ, ನಿನ್ನ ತಪ್ಪು ಮೊದಲೇ ಇರಲಿಲ್ಲ. ನನಗೆ ಕೇಳುತ್ತಿಲ್ಲ ಅಂತ ಒಂದು ಮಾತು ನಿನ್ನ ಮುಂದೆ ಅಂದಿದ್ದರೆ ಅವತ್ತೇ ಮುಗಿದುಹೋಗುತ್ತಿತ್ತು. ನೀನೂ ಕಿವಿ ಹಚ್ಚಿ, ನನಗೂ ಕೇಳುವುದಿಲ್ಲ ಅನ್ನುತ್ತಿದ್ದೆ, ಇಬ್ಬರೂ ಉಂಡಿ ತಿನ್ನುತ್ತಿದ್ದೆವು. ನಿನ್ನ ಮುಂದೆಯೂ ಕುಂದು ಕಾಣಬಾರದು ಅಂತ ಸುಳ್ಳು ಹೇಳಿ ನಿನ್ನನ್ನೇ ಕಳಕೊಂಡೆ. ತಪ್ಪಾಯಿತು. ಗ್ರೂಪಿನಲ್ಲೂ ಇದನ್ನು ಬರೆಯುತ್ತೇನೆ, ನಗುವವರು ನಗಲಿ.

ರವಿವಾರ ಮುಧೋಳದವರ ಬದಲು ನೀನೇ ಗಾಡಿ ತಗೊಂಡು ಬಾ. ಬಾರದಿದ್ದರೆ ನಾನೇ ಬರುತ್ತೇನೆ. ತೊರಗಲ್ ದಾಟುವಾಗಲೇ ನನ್ನ ಹಳೆಯ ಗಾಡಿಯ ಸದ್ದು ನಿನಗೆ ಕೇಳುತ್ತದೆ, ಬಾಗಿಲು ಹಾಕಿಕೊಳ್ಳಬೇಡ. ಲೀಲಾ ವೈನಿಯವರಿಗೆ ನನ್ನ ಮತ್ತು ಕೆಂಪವ್ವಳ ನಮಸ್ಕಾರ ತಿಳಿಸು.

ಬೈಸಿಕೊಳ್ಳಲು ತಯಾರಾಗಿ ಕೂತಿರುವ,
ನಿನ್ನ ಗುರುನಾಥ

ತಾ.ಕ.: ಡಾಕ್ಟರು ಇಪ್ಪತ್ತು ವರ್ಷ ಅಂದದ್ದು ಬಲಗಿವಿಯನ್ನು ನೋಡಿ. ಎಡಗಿವಿ ಅರ್ಧ ಹೋಗಿದೆಯಂತೆ, ತಿರುಗಿ ಬರುವುದಿಲ್ಲವಂತೆ. ಸ್ಕ್ರೂಡ್ರೈವರ್ ಹಚ್ಚುವುದು ಬಲಗಿವಿಗೇ, ಆದ್ದರಿಂದ ಕೆಲಸಕ್ಕೆ ಅಡ್ಡಿಯಿಲ್ಲ ಅನ್ನುವುದು ಖರೆ. ಎರಡೂ ಪೂರ್ತಿ ಹೋದವು ಅಂತ ಐದು ತಿಂಗಳು ಅಂಜಿದವನಿಗೆ ಒಂದರಲ್ಲಿ ಅರ್ಧ ದೊಡ್ಡದು ಅನಿಸಲಿಲ್ಲ. ಗ್ರೂಪಿನಲ್ಲಿ ಇದನ್ನು ಬರೆಯುವುದಿಲ್ಲ, ಕೆಂಪವ್ವಳಿಗೂ ಇನ್ನೂ ಹೇಳಿಲ್ಲ. ನಿನಗೊಬ್ಬನಿಗೆ ಹೇಳಿದ್ದೇನೆ. ಬಂದಾಗ ನನ್ನ ಬಲಕ್ಕೆ ಕೂಡು.