ಅಮ್ಮನ ಮಡಿಲಿಗೆ ಬಿದ್ದ ಅಜ್ಜಿಯ ಹೂಗುಚ್ಛ

ಸಾರ್ಡಿನಿಯ ದ್ವೀಪದ ಆರೋಗ್ಯ ನಿರ್ದೇಶಕರೇ,

ನನ್ನ ಅಮ್ಮನಿಗೆ ಐವತ್ತೇಳು ವರ್ಷ. ಅವಳ ಮಿದುಳಿನ ಜೀವಕೋಶಗಳು ಅವಳಿಗಿಂತ ಮೊದಲೇ ಮುದಿಯಾಗಿವೆ. ಅಂಥ ಮುದಿ ಕೋಶಗಳನ್ನು ತೆಗೆದುಹಾಕಬಹುದೇನೋ ಎಂಬ ಔಷಧಿಯ ಪರೀಕ್ಷೆ ದೊಡ್ಡಾಸ್ಪತ್ರೆಯಲ್ಲಿ ನಡೆಯುತ್ತಿದೆ. ಐವತ್ತೈದು ದಾಟಿದವರಿಗೆ ಪ್ರವೇಶವಿಲ್ಲ ಎಂದು ಅಮ್ಮನನ್ನು ವಾಪಸು ಕಳಿಸಿದ್ದೀರಿ. ಮುಪ್ಪಿನ ಮದ್ದಿಗೆ ವಯಸ್ಸಾದವರು ಬೇಡ. ಈ ಷರತ್ತಿಗೆ ಒಪ್ಪಿಗೆ ಕೊಟ್ಟವರು ನೀವು. ಕೊಡುವಾಗ ಓದಿದ್ದಿರಾ?

ನಾನು ಎಂಟನೇ ತರಗತಿಗೇ ಶಾಲೆ ಬಿಟ್ಟವನು, ಕುರಿಹಾಲಿನ ಚೀಸ್ ಮಾಡುವಲ್ಲಿ ದುಡಿಯುತ್ತೇನೆ. ಅಮ್ಮನನ್ನು ನೋಡುವ ವೈದ್ಯೆ ನನಗೆ ತಿಳಿಯುವ ಹಾಗೆ ಹೇಳಿದರು. ಕರೆಂಟು ವೈರಿಗಿರುವಂತೆ ನರಗಳಿಗೂ ಒಂದು ಹೊದಿಕೆ ಇದೆಯಂತೆ. ಅಮ್ಮನಿಗಿರುವ ಈ ನರಗಳ ಕಾಯಿಲೆಯಲ್ಲಿ ದೇಹವೇ ಅದನ್ನು ಕಡಿದುಹಾಕುತ್ತದೆ. ಮೊದಮೊದಲು ರಿಪೇರಿಯ ಕೋಶಗಳು ಬಂದು ಮತ್ತೆ ಹೊದಿಸುತ್ತವೆ. ಕೋಶಗಳು ಮುದಿಯಾದ ಮೇಲೆ ಕೆಲಸ ನಿಲ್ಲಿಸುತ್ತವೆ, ಆದರೆ ಜಾಗ ಬಿಡುವುದಿಲ್ಲ. ಕೂತಲ್ಲೇ ಕೂತು ಪಕ್ಕದವನ್ನೂ ಕೆಡಿಸುತ್ತವೆ. ಕ್ಷಮಿಸಿ, ಇದನ್ನು ಕೇಳುವಾಗ ನಿಮ್ಮ ಕಚೇರಿ ನನ್ನ ಕಣ್ಣಮುಂದೆ ಬಂತು.

ನೀವು ನಮ್ಮ ಮನೆಗೆ ಬಂದಿದ್ದು ನೆನಪಿದೆಯೇ? ಸಾರ್ಡಿನಿಯದಲ್ಲಿ ಯಾರಿಗಾದರೂ ನೂರು ತುಂಬಿದರೆ ಕ್ಯಾಮೆರಾ ಸಮೇತ ಹಾಜರಾಗುವುದು ನಿಮ್ಮ ಘನ ಪದ್ಧತಿ. ಅಂದು ನನ್ನ ಅಜ್ಜಿ ಬೊನಾರಿಯಾಗೆ ನೂರು ತುಂಬಿತ್ತು. ಒಳಗೆ ಬಂದವರೇ ನೀವು ಗಾಲಿಕುರ್ಚಿ ನೋಡಿದಿರಿ, ಅದರಲ್ಲಿ ಕೂತವಳ ಮುಖ ನೋಡಲಿಲ್ಲ. ಹೂಗುಚ್ಛವನ್ನು ನನ್ನ ಅಮ್ಮ ಆಂತಿಯೋಕಾಳ ಮಡಿಲಿಗಿಟ್ಟು, ಕಿವುಡರ ಹತ್ತಿರ ಕೂಗುವ ಹಾಗೆ ಕೂಗಿದಿರಿ: "ಇನ್ನೂ ನೂರು ವರ್ಷ ಬಾಳಿ ಅಜ್ಜೀ."

ಕಾಫಿಯ ತಟ್ಟೆ ಹಿಡಿದು ಬಂದ ಅಜ್ಜಿ, "ಸಾಹೇಬ್ರೇ, ಮುದುಕಿ ನಾನು. ಅವ್ಳು ನನ್ನ ಕೊನೇ ಮಗಳು" ಅಂದಳು.

ಜೋಕೆಂದುಕೊಂಡು ನಕ್ಕಿರಿ. ಆ ನಗು ಫೋಟೋದಲ್ಲೂ ಇದೆ. ಅಮ್ಮನ ಮುಖ ಕೆಂಪಾಯಿತು. ಆದರೂ ಹೂ ಎತ್ತಿ ಹಿಡಿದು ನಿಮಗೆ ವಂದನೆ ಹೇಳಿದಳು.

ನೀವು ಹೋದ ಮೇಲೆ ಅವಳು ಅಜ್ಜಿಯನ್ನೇ ಬೈದಳು: "ಸುಮ್ನೆ ಇರ್ಬಾರ್ದಿತ್ತಾ? ಅಷ್ಟು ದೊಡ್ಡೋರು, ಎಲ್ರ ಮುಂದೆ ನಾಚ್ಕೊಂಡಿದ್ರೆ?"

"ಅವ್ನು ನಾಚ್ಕೊಳ್ಳೋ ಪೈಕಿ ಅಲ್ಲ ಕಣೇ. ನಾಚ್ಕೆ ಏನಿದ್ರೂ ನಂದು. ಹೆತ್ತ ಮಗಳು ಕುರ್ಚೀಲಿ ಕೂತಿದಾಳೆ, ನಾನು ಮೇಕೆ ಥರ ಓಡಾಡ್ಕೊಂಡಿದೀನಿ."

ಅಂದಿನಿಂದ ಅಜ್ಜಿ ಊರ ಚೌಕಕ್ಕೆ ಹೋಗುವುದಿಲ್ಲ. ವೈನ್ ಎತ್ತಿ "ನೂರು ವರ್ಷ" ಎಂದು ಹರಸುವುದು ನಮ್ಮಲ್ಲಿ ವಾಡಿಕೆ. ಯಾರಾದರೂ ಹಾಗಂದರೆ ಅವಳು ಲೋಟ ಕೆಳಗಿಡುತ್ತಾಳೆ. ಮಗಳ ವರ್ಷಗಳನ್ನು ತಾನೇ ಕದ್ದವಳ ಹಾಗೆ, ಪರದೆ ಎಳೆದು ಅಮ್ಮನಿಗೆ ಸೂಪ್ ಕುಡಿಸುತ್ತಾಳೆ. ಸ್ನಾನ ಮಾಡಿಸುವುದು ನಾನು. ಆಗ ಅಮ್ಮ ಕಣ್ಣು ಮುಚ್ಚಿಕೊಳ್ಳುತ್ತಾಳೆ. ನಾನೂ ಮುಚ್ಚಿಕೊಳ್ಳುತ್ತೇನೆ. ತಾಯಿ ಮಗ ಇಬ್ಬರೂ ಕುರುಡರಂತೆ ಅದನ್ನು ಮುಗಿಸುತ್ತೇವೆ. ನಿಮ್ಮ ಷರತ್ತಿನಲ್ಲಿ ಇದಕ್ಕೊಂದು ಸಾಲು ಇದೆಯೇ?

ಔಷಧಿ ಫಲಿಸುತ್ತದೆ ಎಂದು ವೈದ್ಯೆ ಮಾತು ಕೊಟ್ಟಿಲ್ಲ. ಅಮ್ಮನೂ ಎದ್ದು ಓಡಾಡುವ ಆಸೆ ಇಟ್ಟುಕೊಂಡಿಲ್ಲ. ಬಲಗೈಯ ಸ್ವಾಧೀನ ಹೋಯಿತು; ಎಡಗೈ ಉಳಿದರೆ ಸಾಕು, ರೊಟ್ಟಿ ತಾನೇ ಮುರಿದು ತಿನ್ನಬೇಕು ಅನ್ನುತ್ತಾಳೆ. ವಯಸ್ಸಾದವರಿಗೆ ಅಪಾಯ ಅನ್ನುತ್ತೀರಿ. ಇರಬಹುದು. ಅವಳ ರಕ್ತ, ಗುಂಡಿಗೆ ನೋಡಿ ಆಗುವುದಿಲ್ಲ ಎಂದಿದ್ದರೆ ಬಾಯಿ ಮುಚ್ಚಿಕೊಂಡು ಬರುತ್ತಿದ್ದೆ. ನೀವು ನೋಡಿದ್ದು ಹುಟ್ಟಿದ ವರ್ಷ ಮಾತ್ರ. ಹೂ ಕೊಡುವಾಗ ನಿಮ್ಮ ಲೆಕ್ಕದಲ್ಲಿ ಅವಳಿಗೆ ನೂರಾಗಿತ್ತು, ಅದು ಅಡ್ಡಿಯಾಗಲಿಲ್ಲ. ಮದ್ದಿಗೆ ಐವತ್ತೇಳು ಹೆಚ್ಚಾಯಿತೇ?

ಆ ವಯಸ್ಸಿನ ಸಾಲನ್ನು ಹೊಡೆದುಹಾಕಿ. ಯಾರನ್ನು ಸೇರಿಸಬೇಕು, ಯಾರನ್ನು ಬಿಡಬೇಕು ಎಂಬುದನ್ನು ವೈದ್ಯರು ದೇಹ ನೋಡಿ ಹೇಳಲಿ. ಆಗದಿದ್ದರೆ ಕ್ಯಾಮೆರಾ ಇಲ್ಲದೆ ಮತ್ತೊಮ್ಮೆ ನಮ್ಮ ಮನೆಗೆ ಬಂದು, ಈ ಸಲ ಅವಳ ಮುಖ ನೋಡಿ, ಆಗುವುದಿಲ್ಲ ಎಂದು ಹೇಳಿಹೋಗಿ.

ನಿಮ್ಮ ಹೂಗುಚ್ಛ ಒಣಗಿ ಪುಡಿಯಾಗುತ್ತಿದೆ. ಎಸೆಯಲು ಅಮ್ಮ ಬಿಡುತ್ತಿಲ್ಲ. ನೀವು ಕೊಟ್ಟದ್ದು ಎಂದಲ್ಲ. ಅವಳು ಬಲಗೈಯಲ್ಲಿ ಎತ್ತಿ ಹಿಡಿದ ಕೊನೆಯ ವಸ್ತು ಅದು.

ಇಂತಿ,
ನಿಮ್ಮ ಪಾಲಿನ ನಾಚಿಕೆಯನ್ನೂ ಸದ್ಯಕ್ಕೆ ಹೊತ್ತುಕೊಂಡಿರುವ,
ಆಂತಿಯೋಕಾಳ ಮಗ ಬಕೀಸಿಯೊ