ಪ್ರಶ್ನೆ ಕೇಳಿದವರು ನಮ್ಮ ಯಜಮಾನರು, ನಾನಲ್ಲ

ನಮ್ಮ ವಾರ್ಡಿನ ಪಾರ್ಕುಗಳನ್ನೂ ಫುಟ್‌ಪಾತುಗಳನ್ನೂ ಒಟ್ಟಿಗೇ ಕಾಯುತ್ತಿರುವ ಅಧಿಕಾರಿಗಳೇ,

ಹೋದ ತಿಂಗಳು ನೀವು ನಡೆಸಿದ ನಾಗರಿಕರ ಸಭೆಯಿಂದ ನಮ್ಮ ಯಜಮಾನರನ್ನು ಹೊರಗೆ ಕಳಿಸಿದಿರಿ. ಈ ತಿಂಗಳು ನಮ್ಮ ಗೇಟಿನ ಮುಂದೆ ಅವರು ಕೂರುವ ಕುರ್ಚಿಯನ್ನೂ ತೆಗೆಯಬೇಕೆಂದು ನೋಟಿಸು ಕಳಿಸಿದ್ದೀರಿ. ಒಬ್ಬ ಸಾಮಾನ್ಯ ಮನುಷ್ಯನ ಮೇಲೆ ಒಂದು ಕಚೇರಿ ಇಷ್ಟೊಂದು ಗಮನ ಹರಿಸುವುದು ಅಪರೂಪ. ಬೀದಿ ದೀಪದ ಮೇಲೆ ಇದರ ಅರ್ಧ ಗಮನ ಬಿದ್ದಿದ್ದರೂ ಚಾಮರಾಜಪೇಟೆ ಇಷ್ಟು ಹೊತ್ತಿಗೆ ಜಗಮಗಿಸುತ್ತಿತ್ತು.

ನಮ್ಮ ಯಜಮಾನರ ಹೆಸರು ಪಂಚಾಕ್ಷರಯ್ಯ. ತರಗುಪೇಟೆಯಲ್ಲಿ ಬೇಳೆಕಾಳಿನ ಸಗಟು ಅಂಗಡಿ ಇಟ್ಟಿದ್ದವರು. ಕೆಲವು ವರ್ಷಗಳಿಂದ ಅವರಿಗೆ ಡಿಮೆನ್ಷಿಯಾ, ಅಂದರೆ ಮರೆವಿನ ಕಾಯಿಲೆ. ಬೆಳಿಗ್ಗೆ ಆಡಿದ ಮಾತು ಮಧ್ಯಾಹ್ನಕ್ಕೆ ನೆನಪಿರುವುದಿಲ್ಲ. ನನ್ನನ್ನೇ ಒಮ್ಮೊಮ್ಮೆ ಅವರ ಅಕ್ಕ ಅಂದುಕೊಳ್ಳುತ್ತಾರೆ, ಆ ಹೊತ್ತಿನಲ್ಲಿ ನನ್ನ ಮಾತನ್ನು ಹೆಚ್ಚು ಕೇಳುತ್ತಾರೆ ಎಂಬುದನ್ನೂ ಒಪ್ಪಿಕೊಳ್ಳಬೇಕು. ಸಂಜೆಯಾದರೆ ವಿಭೂತಿ ಹಚ್ಚಿ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ನಮ್ಮ ಬೀದಿಯ ಕೊನೆಯ ಪಾರ್ಕಿಗೆ ಹೋಗಿ ಹೊಂಗೆ ಮರದ ಕೆಳಗಿನ ಬೆಂಚಿನ ಮೇಲೆ ಕೂರುತ್ತಿದ್ದರು. ದಾರಿಯುದ್ದಕ್ಕೂ ಗುರುತಿನವರೇ ಇರುವುದರಿಂದ ನನಗೂ ಭಯವಿರಲಿಲ್ಲ.

ಒಂದು ದಿನ ಬಣ್ಣ ಹೊಡೆಯುತ್ತೇವೆಂದು ನಿಮ್ಮವರು ಬೆಂಚುಗಳನ್ನು ಕೊಂಡೊಯ್ದರು. ಬೆಂಚು ವಾಪಸ್ಸು ಬರಲಿಲ್ಲ. ಯಾವ ಬಣ್ಣವೋ ಏನೋ, ಇನ್ನೂ ಒಣಗಿಲ್ಲ. ನಮ್ಮ ಯಜಮಾನರು ಮಾತ್ರ ದಿನಾ ಹೋಗಿ, ಬೆಂಚಿದ್ದ ಜಾಗದಲ್ಲಿ ನಿಂತು, ಕಾಲು ನೋಯಿಸಿಕೊಂಡು ಬರುತ್ತಿದ್ದರು. ಅಷ್ಟರಲ್ಲಿ ಸಮುದಾಯ ಭವನದ ಮುಂದೆ ನಿಮ್ಮ ಸಭೆಯ ಬ್ಯಾನರು ಕಾಣಿಸಿತು: ‘ಸರ್ವ ನಾಗರಿಕರಿಗೂ ಸ್ವಾಗತ.’ ನಾನು ಸರ್ಕಾರಿ ಕಚೇರಿಯಲ್ಲಿ ಬೆರಳಚ್ಚುಗಾರ್ತಿಯಾಗಿದ್ದು ನಿವೃತ್ತಳಾದವಳು. ಕಚೇರಿಯವರು ಬರೆದದ್ದನ್ನು ಅಕ್ಷರಶಃ ನಂಬಬಾರದು ಎಂಬುದು ನನಗೆ ಗೊತ್ತಿರಬೇಕಿತ್ತು. ಆದರೂ ಇವರನ್ನು ಕರೆದುಕೊಂಡು ಬಂದೆ.

ಅವರ ಸರದಿ ಬಂದಾಗ ಎದ್ದು ನಿಂತು, ಕೈ ಮುಗಿದು, “ಸ್ವಾಮಿ, ಪಾರ್ಕಲ್ಲಿ ಕೂರೋಕೆ ಬೆಂಚಿತ್ತು. ಎಲ್ಲಿಗೆ ಹೋಯ್ತು?” ಎಂದು ಕೇಳಿದರು. ಆ ಮಧ್ಯಾಹ್ನ ಅಷ್ಟು ಚೊಕ್ಕವಾದ ಪ್ರಶ್ನೆಯನ್ನು ಬೇರೆ ಯಾರೂ ಕೇಳಲಿಲ್ಲ. ಪರಿಶೀಲಿಸಲಾಗುವುದು ಎಂದಿರಿ. ಕೂತರು. ಸ್ವಲ್ಪ ಹೊತ್ತಿಗೆ ಮತ್ತೆ ಎದ್ದು ಅದನ್ನೇ ಕೇಳಿದರು. ಪರಿಶೀಲಿಸಲಾಗುವುದು ಎಂದಿರಿ. ಮತ್ತೊಮ್ಮೆ ಎದ್ದಾಗ ನೀವು ಅವರ ಕಡೆ ನೋಡಲೂ ಇಲ್ಲ. ನನ್ನ ಕಡೆ ತಿರುಗಿ, “ಅಮ್ಮಾ, ಇಂಥೋರನ್ನ ಯಾಕೆ ಕರ್ಕೊಂಡ್ ಬರ್ತೀರಾ? ತಲೆ ಸರಿ ಇರೋರು ಮಾತಾಡ್ಲಿ” ಎಂದಿರಿ. ನಿಮ್ಮ ಸಿಬ್ಬಂದಿ ಅವರ ತೋಳು ಹಿಡಿದು ಹೊರಗೆ, ಚಪ್ಪಲಿ ಬಿಡುವ ಮೆಟ್ಟಿಲ ಮೇಲೆ ಕೂರಿಸಿದರು.

ಒಂದೇ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳುವುದು ಕಾಯಿಲೆಯ ಲಕ್ಷಣವೆಂದು ಡಾಕ್ಟರು ನನಗೆ ಹೇಳಿದ್ದಾರೆ. ಒಂದೇ ಉತ್ತರವನ್ನು ಮತ್ತೆ ಮತ್ತೆ ಕೊಡುವುದು ಯಾವುದರ ಲಕ್ಷಣ? ಮುಂದಿನ ಸಲ ತೋರಿಸಲು ಹೋದಾಗ ನಿಮ್ಮ ಪರವಾಗಿ ಕೇಳಿಕೊಂಡು ಬರುತ್ತೇನೆ.

ಸಭೆ ಮುಗಿದು ಜನ ಹೊರಗೆ ಬರುವಾಗ ಯಜಮಾನರು ಒಬ್ಬೊಬ್ಬರಿಗೂ “ಬನ್ನಿ, ಬನ್ನಿ” ಎನ್ನುತ್ತಿದ್ದರು, ಅಂಗಡಿಗೆ ಬಂದ ಗಿರಾಕಿಗಳಿಗೆ ಹೇಳುವ ಹಾಗೆ. ನನಗೆ ನಗು ಬಂತು. ಚಪ್ಪಲಿ ಹುಡುಕಿ ಅವರ ಕಾಲಿಗೆ ತೊಡಿಸಿದೆ. ಮನೆ ಸೇರುವ ಹೊತ್ತಿಗೆ ಅವರಿಗೆ ಸಭೆಯೂ ನೆನಪಿರಲಿಲ್ಲ, ನೀವೂ ನೆನಪಿರಲಿಲ್ಲ. ಸದ್ಯ ಮರೆತರಲ್ಲ ಎಂದುಕೊಂಡೆ. ನನ್ನ ತಿಳಿವಳಿಕೆ ಅಷ್ಟೇ ಇತ್ತು. ಮಾರನೆಯ ಸಂಜೆ ಚಪ್ಪಲಿ ಮುಂದಿಟ್ಟರೆ ಕಾಲು ಹಿಂದೆ ತೆಗೆದುಕೊಂಡರು. “ಬೇಡ ಶೈಲಾ. ಅಲ್ಲಿ ಬೈತಾರೆ” ಅಂದರು. ಎಲ್ಲಿ, ಯಾರು ಎಂದು ಕೇಳಿದೆ. ಗೊತ್ತಿಲ್ಲ ಅಂದರು. ಅವಮಾನ ಮಾಡಿದವರ ಮುಖ ಅಳಿಸಿಹೋಗಿತ್ತು, ಅವಮಾನ ಹಾಗೆಯೇ ಉಳಿದಿತ್ತು. ಅಲ್ಲಿಂದ ಮುಂದೆ ಅವರು ಗೇಟು ದಾಟಲಿಲ್ಲ. ಗವಿಪುರಂ ದೇವಸ್ಥಾನಕ್ಕೆ ಹೋಗೋಣವೆಂದರೂ ಅದೇ ಮಾತು.

ಇದನ್ನು ಗಮನಿಸಿದವರು ಎದುರು ಮನೆಯ ವಾದಿರಾಜ ಮೇಷ್ಟ್ರು. ಅವರಿಗೂ ನಮ್ಮ ಯಜಮಾನರಿಗೂ ರಾಜಕೀಯದಲ್ಲಿ ಜನ್ಮೇಪಿ ಒಮ್ಮತವಿಲ್ಲ. ಜಗಳಕ್ಕೆ ಜೊತೆಯಿಲ್ಲದೆ ಮೇಷ್ಟ್ರಿಗೆ ಊಟ ಸೇರುತ್ತಿರಲಿಲ್ಲವೆಂದು ಕಾಣುತ್ತದೆ. ಒಂದು ಸಂಜೆ ಎರಡು ಮಡಚುವ ಕುರ್ಚಿ ತಂದು ನಮ್ಮ ಗೇಟಿನ ಹೊರಗೆ ಹಾಕಿ, ಒಳಗೆ ಸೆಖೆ, ಇಲ್ಲೇ ಕೂರೋಣ ಬನ್ನಿ ಎಂದು ಕರೆದರು. ಇವರು ಬರಿಗಾಲಲ್ಲೇ ಬಂದು ಕೂತರು. ಮರುದಿನ ಸೊಪ್ಪು ಮಾರುವ ಮುನಿಲಕ್ಷ್ಮಮ್ಮ ಬುಟ್ಟಿ ಇಳಿಸಿ ಕೂತಳು. ಆಮೇಲೆ ಬೀದಿಯ ನಾಲ್ಕಾರು ಜನ ತಂತಮ್ಮ ಕುರ್ಚಿ ಹಿಡಿದುಕೊಂಡೇ ಬಂದರು. ಯಜಮಾನರು ಎಲ್ಲರಿಗೂ ತಿಂಡಿ ಆಯ್ತಾ ಎಂದು ಕೇಳುತ್ತಾರೆ. ಹತ್ತು ನಿಮಿಷಕ್ಕೆ ಮತ್ತೆ ಕೇಳುತ್ತಾರೆ. ಮೇಷ್ಟ್ರು ಒಂದು ಸಲ ಉಪ್ಪಿಟ್ಟು ಅನ್ನುತ್ತಾರೆ, ಇನ್ನೊಂದು ಸಲ ದೋಸೆ, ಮತ್ತೊಂದು ಸಲ ಅಕ್ಕಿ ರೊಟ್ಟಿ. ಕತ್ತಲಾಗುವ ಹೊತ್ತಿಗೆ ಗಾಂಧಿಬಜಾರಿನ ಹೋಟೆಲುಗಳ ತಿಂಡಿಯೆಲ್ಲ ಅವರ ಹೊಟ್ಟೆಯಲ್ಲಿರುತ್ತದೆ. ಪರಿಶೀಲಿಸಲಾಗುವುದು ಎಂದು ಈವರೆಗೆ ಯಾರೂ ಹೇಳಿಲ್ಲ.

ಇದಕ್ಕೆ ಬಂದದ್ದು ನಿಮ್ಮ ನೋಟಿಸು: ಪಾದಚಾರಿ ಮಾರ್ಗದ ಒತ್ತುವರಿ. ಅದೇ ಮಾರ್ಗದಲ್ಲಿ ಟ್ರಾನ್ಸ್‌ಫಾರ್ಮರ್ ಇದೆ, ನಿಮ್ಮ ಗುತ್ತಿಗೆದಾರರು ರಾಶಿ ಹಾಕಿದ ಮುರಿದ ಚಪ್ಪಡಿಗಳಿವೆ, ಯಾರದೋ ಕಾರು ಹೊದಿಕೆ ಹೊದ್ದು ಮಲಗಿದೆ. ಅವುಗಳ ತಲೆ ಸರಿ ಇದೆಯೆಂದು ಖಾತ್ರಿಯಾದ ಮೇಲೆ ಬಿಟ್ಟಿರಬೇಕು.

ನೋಟಿಸು ತಂದ ನಿಮ್ಮ ಇನ್‌ಸ್ಪೆಕ್ಟರನ್ನು ಯಜಮಾನರು ಅತಿಥಿ ಎಂದುಕೊಂಡು ಕೈ ಹಿಡಿದು ಕೂರಿಸಿದರು. ನಾನು ಕಾಫಿ ಕೊಟ್ಟೆ. ಏನು ಬಂದಿರಿ ಎಂದು ಇವರು ವಿಚಾರಿಸಿದಾಗ ಆ ಮನುಷ್ಯ ಕೈಯಲ್ಲಿದ್ದ ಕಾಗದ ನೋಡಿ, ಇವರ ಮುಖ ನೋಡಿ, “ಸುಮ್ನೆ ಸಾರ್, ನಿಮ್ಮನ್ನ ಮಾತಾಡಿಸ್ಕೊಂಡು ಹೋಗೋಣ ಅಂತ” ಎಂದರು. ನೋಟಿಸನ್ನು ಮಾತ್ರ ನನ್ನ ಕೈಗೆ ಕೊಟ್ಟರು, ಕರ್ತವ್ಯಲೋಪವೇನೂ ಆಗಿಲ್ಲ. ದಯವಿಟ್ಟು ಅವರನ್ನು ವರ್ಗ ಮಾಡಬೇಡಿ. ಅವರು ಹೊರಟಾಗ ನಮ್ಮ ಯಜಮಾನರು ಎದ್ದು, ಒಳಗೆ ಹೋಗಿ, ತಾವಾಗಿಯೇ ಚಪ್ಪಲಿ ಮೆಟ್ಟಿಕೊಂಡು ಬಂದರು. ಮನೆಗೆ ಬಂದವರನ್ನು ಬೀದಿಯ ತಿರುವಿನವರೆಗೆ ಕಳಿಸಿಬರುವುದು ಅವರ ಹಳೆಯ ರೂಢಿ. ಇಬ್ಬರೂ ಮಾತಾಡಿಕೊಂಡು ಪಾರ್ಕಿನ ಬಾಗಿಲವರೆಗೂ ಹೋದರು. ನಾನು ಗೇಟು ಹಿಡಿದುಕೊಂಡು ನೋಡುತ್ತಾ ನಿಂತೆ. ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು.

ಈಗ ದಿನಾ ಪಾರ್ಕಿಗೆ ಹೋಗುತ್ತಿದ್ದಾರೆ. ಕುರ್ಚಿಗಳನ್ನೂ ತೆಗೆದಿದ್ದೇವೆ, ಕಾನೂನಿಗೆ ತಲೆಬಾಗುವ ಜನ ನಾವು. ಆದರೆ ಅಲ್ಲಿ ಮತ್ತೆ ನಿಂತೇ ಇರುತ್ತಾರೆ. ಬೆಂಚು ವಾಪಸ್ಸು ಹಾಕಿಸಿ. ಮುಂದಿನ ಸಭೆಗೆ ಅವರನ್ನು ಕರೆತರುತ್ತೇನೆ, ಒಳಗೆ ಕೂರಿಸಿ. ಅವರು ಕೇಳಿದ್ದಕ್ಕೆ ಅವರ ಮುಖ ನೋಡಿ ಉತ್ತರ ಹೇಳಿ, ನನ್ನ ಮುಖವನ್ನಲ್ಲ. ಹೇಗೂ ಮರೆತುಬಿಡುತ್ತಾರಲ್ಲ, ಉತ್ತರವೇಕೆ ಎನ್ನುತ್ತೀರಾ? ನಾಳೆ ಮತ್ತೆ ಹಸಿವಾಗುತ್ತದೆಂದು ಯಾರೂ ಇವತ್ತಿನ ಊಟ ಬಿಟ್ಟದ್ದು ನಾನು ಕಂಡಿಲ್ಲ. ಅವರು ಹತ್ತು ಸಲ ಕೇಳಿದರೆ ಹತ್ತು ಸಲ ಹೇಳಿ. ಅವರ ಮುಂದೆ ನಿಮಗೊಂದು ಅನುಕೂಲವಿದೆ, ಬೇರೆ ಯಾವ ನಾಗರಿಕರೂ ಅದನ್ನು ನಿಮಗೆ ಕೊಡಲಾರರು: ಹೋದ ಸಲ ನೀವು ಹೇಗೆ ನಡೆದುಕೊಂಡಿರಿ ಎಂಬುದು ಅವರಿಗೆ ನೆನಪಿಲ್ಲ. ಹೊಸದಾಗಿ ಶುರು ಮಾಡಬಹುದು.

ಇಂತಿ,
ಎಲ್ಲವೂ ನೆನಪಿರುವ ದುರದೃಷ್ಟವಂತೆ,
ಶೈಲಜಮ್ಮ ಪಂಚಾಕ್ಷರಯ್ಯ
ಚಾಮರಾಜಪೇಟೆ