ತೆರೆಯ ಮೇಲಿನ ತಾಯಿ ಮತ್ತು ನಿಮ್ಮ ಮಗ

ಅತ್ತೆಯವರಿಗೆ, ಕಾರ್ಡಿನಲ್ಲಿ ಹಿಡಿಯುವಷ್ಟು ನಮಸ್ಕಾರ.

ನಿನ್ನೆ ನಿಮ್ಮ ಮಗನಿಗೆ ಕಾರ್ಖಾನೆಯಲ್ಲಿ ರಜೆಯಿತ್ತು. ಇಬ್ಬರೂ ಒಂದು ಬ್ರಿಟಿಷ್ ಸಿನಿಮಾಕ್ಕೆ ಹೋದೆವು. ಮಸಿ ಹಿಡಿದ ಓಣಿಯೊಂದರ ಕಳ್ಳರ ಕಥೆ, ಹಾಡಿಲ್ಲ, ನಗುವಿಲ್ಲ. ಗುಂಪಿನ ಯಜಮಾನಿ ಒಬ್ಬ ವಯಸ್ಸಾದ ತಾಯಿ. ಆ ನಟಿ ಒಮ್ಮೆಯೂ ದನಿ ಎತ್ತುವುದಿಲ್ಲ. ಬಟಾಣಿ ಸುಲಿಯುತ್ತಾ, "ಎಲ್ಲಿಗೆ ಹೋಗಿದ್ದೆ, ಕಂದಾ?" ಎಂದಷ್ಟೇ ಕೇಳುತ್ತಾಳೆ. ಕೊಲೆಗೂ ಹೇಸದ ಮಗ ಬೆವರಿಬಿಡುತ್ತಾನೆ. ಆ ನಟನೂ ಗಟ್ಟಿಗ, ಬರೀ ಉಗುಳು ನುಂಗಿಯೇ ಹೆದರಿಕೆ ತೋರಿಸಿದ.

"ತಾಯಿಗೆ ಯಾರಾದ್ರೂ ಇಷ್ಟೊಂದು ಹೆದರ್ತಾರೇನೇ? ಅತಿಯಾಯ್ತು," ಎಂದು ನಿಮ್ಮ ಮಗ ನಕ್ಕರು. ಅಷ್ಟರಲ್ಲಿ ನಿಮ್ಮ ಫೋನ್ ಬಂತು. ತಡಬಡಾಯಿಸಿ ಎದ್ದು ಹೊರಗೆ ಓಡಿದರು. ಬಾಗಿಲ ಪಕ್ಕದಲ್ಲೇ ಕೂತಿದ್ದ ನನಗೂ ಕೇಳಿಸಿತು: "ಔಷಧಿ ಅಂಗಡೀಲಿದ್ದೀನಮ್ಮ."

ಅವರು ಮರಳಿ ಬಂದಾಗ ತೆರೆಯ ಮೇಲೆ ಆ ಮಗನೂ ತಾಯಿಗೆ ಸುಳ್ಳು ಹೇಳುತ್ತಿದ್ದ. "ಸಿಕ್ಕಿಬೀಳ್ತಾನೆ ನೋಡು," ಎಂದು ಇವರು ನನ್ನ ಕಿವಿಯಲ್ಲಿ ಪಿಸುಗುಟ್ಟಿದರು.

ಇವರ ಕೆಮ್ಮು ಹೋದ ವಾರವೇ ವಾಸಿಯಾಗಿದೆ, ಚಿಂತೆ ಬೇಡ. ಕಾರ್ಡಿನಲ್ಲಿ ಜಾಗ ಮುಗಿಯಿತು. ಸಿನಿಮಾದ ತಾಯಿ ಮಗನ ಮಾತು ನಂಬಲಿಲ್ಲ. ನೀವು ನಂಬಿದಿರಾ?

ನಿಮ್ಮ ಸೊಸೆ